ಆರ್ಸ್ ಎಂಬ ಹಳ್ಳಿ, ಅದು ಉಳಿಸಿಕೊಂಡದ್ದು

ಪ್ರತಿವರ್ಷ ಆಗಸ್ಟ್ 4ರಂದು ನೀವು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಹೂಗುಚ್ಛವಿತ್ತು ಶುಭ ಕೋರುತ್ತೀರಿ. ಅಂದು ವಿಚಾರಣಾ ಗುರುಗಳೆಲ್ಲರ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬ. ಅಂದಿನ ಪ್ರಬೋಧನೆಯಲ್ಲಿ ಆರ್ಸ್ ಎಂಬ ಊರಿನ ಹೆಸರೂ ಒಮ್ಮೆ ಬಂದು ಹೋಗುತ್ತದೆ. ಸಂತರನ್ನು ಕುರಿತು ನಾವು ಬಹಳ ಹೇಳುತ್ತೇವೆ, ಊರನ್ನು ಕುರಿತು ಏನೂ ಹೇಳುವುದಿಲ್ಲ. ಈ ಸಲ ಆ ಊರಿನ ಕಡೆಗೇ ನಿಮ್ಮನ್ನು ಕರೆದೊಯ್ಯುವ ಆಸೆ ನನ್ನದು.

ಫ್ರಾನ್ಸ್ ದೇಶದ ಲಿಯಾನ್ ನಗರದಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಫೋರ್ಮಾನ್ ಎಂಬ ಸಣ್ಣ ತೊರೆಯ ದಡದಲ್ಲಿ ಆರ್ಸ್ ಇದೆ. ಅದರ ಪೂರ್ವಕ್ಕೆ ಹಬ್ಬಿರುವ ದೋಂಬ್ ಪ್ರಸ್ಥಭೂಮಿ ಕೆರೆಗಳ ಸೀಮೆ. ಮಧ್ಯಯುಗದಿಂದಲೂ ಜನ ಅಲ್ಲಿನ ಜೇಡಿ ನೆಲದಲ್ಲಿ ಏರಿ ಕಟ್ಟಿ ನೀರು ನಿಲ್ಲಿಸಿದರು. ಕೆಲವು ವರ್ಷ ಕೆರೆಯಲ್ಲಿ ಮೀನು ಸಾಕುವುದು, ಬಳಿಕ ನೀರು ಹೊರಬಿಟ್ಟು ಅದೇ ಅಂಗಳದಲ್ಲಿ ಧಾನ್ಯ ಬಿತ್ತುವುದು ಅಲ್ಲಿನ ಪದ್ಧತಿ. ಕಟ್ಟಡಕ್ಕೆ ಒಳ್ಳೆಯ ಕಲ್ಲು ಸಿಗುವುದು ವಿರಳ. ಆದ್ದರಿಂದಲೇ ಆ ಸೀಮೆಯ ಹಳೆಯ ಮನೆಗಳು ಇಟ್ಟಿಗೆಯವು, ಇಲ್ಲವೇ ಮಣ್ಣನ್ನು ಗುದ್ದಿ ಎಬ್ಬಿಸಿದ ಗೋಡೆಯವು.

1818ರ ಫೆಬ್ರವರಿಯಲ್ಲಿ ಫಾದರ್ ವಿಯಾನ್ನಿ ಇಲ್ಲಿಗೆ ಕಾಲ್ನಡಿಗೆಯಲ್ಲಿ ಬಂದಾಗ ಊರಿನಲ್ಲಿದ್ದವರು ಸುಮಾರು 230 ಜನ. ಮಬ್ಬಿನಲ್ಲಿ ದಾರಿ ತಪ್ಪಿದ ಅವರಿಗೆ ಕುರಿ ಕಾಯುವ ಹುಡುಗನೊಬ್ಬ ಊರಿನ ದಾರಿ ತೋರಿಸಿದನು. ಆ ಸ್ಥಳದಲ್ಲಿ ಇಂದು ಅವರಿಬ್ಬರ ಪ್ರತಿಮೆಗಳಿವೆ. ಬಂದವರಿಗೆ ಕಂಡದ್ದು ಗೋಪುರವಿಲ್ಲದ ದೇವಾಲಯ; ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಅದನ್ನು ಕೆಡವಿಹಾಕಿದ್ದರು. ಗುರುಗಳು ಇಟ್ಟಿಗೆಯಲ್ಲಿ ಹೊಸದೊಂದು ಗೋಪುರ ಕಟ್ಟಿಸಿದರು. ಮುಂದೆ ಒಂದೊಂದಾಗಿ ಪಕ್ಕದ ಪ್ರಾರ್ಥನಾಲಯಗಳೂ ಎದ್ದವು.

ಇಲ್ಲಿ ಒಂದು ಮಾತು. ಫ್ರಾನ್ಸಿನಲ್ಲಿ ಊರಾಡಳಿತದ ಅತಿ ಚಿಕ್ಕ ಘಟಕವನ್ನು ಕಮ್ಯೂನ್ ಎನ್ನುತ್ತಾರೆ. ನಮ್ಮ ಗ್ರಾಮ ಪಂಚಾಯಿತಿಯಂತೆ ಎನ್ನಬಹುದಾದರೂ ಇನ್ನೂರು ಜನರ ಹಳ್ಳಿಗೂ ಸ್ವಂತ ಕಮ್ಯೂನ್ ಉಂಟು, ಸ್ವಂತ ಮೇಯರ್ ಉಂಟು. ದೇಶದಲ್ಲಿ ಇಂಥವು ಸುಮಾರು 35,000. ಹಳೆಯ ಧರ್ಮಕೇಂದ್ರಗಳ ಎಲ್ಲೆಯನ್ನೇ ಬಹುಮಟ್ಟಿಗೆ ಅನುಸರಿಸಿ ಇವನ್ನು ರೂಪಿಸಿದ್ದು ಕ್ರಾಂತಿಯೇ. ಧರ್ಮಸಭೆಯನ್ನೂ ರಾಜ್ಯವನ್ನೂ ಬೇರ್ಪಡಿಸಿದ 1905ರ ಕಾನೂನಿನ ತರುವಾಯ ಅದಕ್ಕೆ ಹಿಂದಿನ ಹಳ್ಳಿ ದೇವಾಲಯಗಳು ಸಾಮಾನ್ಯವಾಗಿ ಈ ಕಮ್ಯೂನ್‌ಗಳ ಸೊತ್ತಾದವು. ಅಲ್ಲಿ ಬಲಿಪೂಜೆ ನಡೆಸುವ ಹಕ್ಕು ಧರ್ಮಸಭೆಯಲ್ಲಿ ಉಳಿಯಿತು. ಗೋಪುರಗಳನ್ನು ಉರುಳಿಸಿದ ಕ್ರಾಂತಿಯ ಕೂಸುಗಳೇ ಇಂದು ದೇವಾಲಯಗಳ ಸೋರುವ ಛಾವಣಿಯ ಚಿಂತೆ ಹೊತ್ತಿವೆ. ದೇವರ ವಿನೋದಪ್ರಜ್ಞೆಗೆ ಇದಕ್ಕಿಂತ ಬೇರೆ ಸಾಕ್ಷಿ ನನಗಂತೂ ಬೇಡ.

ಆರ್ಸ್‌ಗೆ ಹಿಂತಿರುಗೋಣ. ವಿಯಾನ್ನಿಯವರ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ 80,000ಕ್ಕೂ ಮಿಕ್ಕಿ ಯಾತ್ರಿಕರು ಬರುತ್ತಿದ್ದರೆಂದು ಹೇಳುತ್ತಾರೆ. ಲಿಯಾನ್ ರೈಲು ನಿಲ್ದಾಣದಲ್ಲಿ ಈ ಊರಿಗೆಂದೇ ಎಂಟು ದಿನ ಸಲ್ಲುವ ಟಿಕೆಟ್ ಕೊಡುತ್ತಿದ್ದರು. ಪಾಪನಿವೇದನೆಯ ಸರದಿಗಾಗಿ ಅಷ್ಟು ದಿನ ಕಾಯಬೇಕಾಗುತ್ತಿತ್ತು. ಅಷ್ಟು ಜನಕ್ಕೆ ಹಳ್ಳಿಯ ದೇವಾಲಯ ಸಾಲದಾಯಿತು. 1859ರಲ್ಲಿ ಅವರು ದೈವಾಧೀನರಾದ ಬಳಿಕ, 1862ರಲ್ಲಿ ಹೊಸ ಮಹಾದೇವಾಲಯದ ಕೆಲಸ ಪ್ರಾರಂಭವಾಯಿತು. ವಾಸ್ತುಶಿಲ್ಪಿ ಪಿಯೆರ್ ಬೊಸ್ಸಾನ್. ಲಿಯಾನ್‌ನ ಗುಡ್ಡದ ಮೇಲಿನ ಫೂರ್ವಿಯೇರ್ ಮಹಾದೇವಾಲಯವೂ ಅವರದೇ. ಹಳೆಯದನ್ನು ಪೂರ್ತಿ ಕೆಡವಿ ಭವ್ಯವಾದುದನ್ನು ಕಟ್ಟಬಹುದಾಗಿತ್ತು. ಹಾಗೆ ಮಾಡಲಿಲ್ಲ. ಹಿಂಭಾಗದ ಪೂಜಾಂಕಣವನ್ನಷ್ಟೇ ತೆಗೆದು, ಜನ ಕೂಡುವ ಹಳೆಯ ಅಂಕಣಕ್ಕೇ ಗುಮ್ಮಟದ ಹೊಸ ಕಟ್ಟಡವನ್ನು ಜೋಡಿಸಿದರು. ಹೀಗಾಗಿ ಇಂದಿಗೂ ನೀವು ಅದೇ ಇಟ್ಟಿಗೆ ಗೋಪುರದ ಕಡೆಯಿಂದ ಒಳಗೆ ಕಾಲಿಡುತ್ತೀರಿ. ಬಡವರ ಆ ಕಿರಿದಾದ ಅಂಕಣವನ್ನು ದಾಟಿಯೇ ಗುಮ್ಮಟದಡಿಗೆ ಬರುತ್ತೀರಿ. ಇಪ್ಪತ್ತನೆಯ ಶತಮಾನದಲ್ಲಿ ಜನಸಂದಣಿಗಾಗಿ ಮತ್ತೊಂದು ದೇವಾಲಯ ಬೇಕಾದಾಗ ಅದನ್ನು ನೆಲದಡಿಯಲ್ಲಿ ಕಟ್ಟಿದರು.

ಇದನ್ನು ಬರೆಯುವಾಗ ನನ್ನ ಮನಸ್ಸು ಸ್ವಲ್ಪ ಕಹಿಯಾಗುತ್ತದೆಂಬುದನ್ನು ಮುಚ್ಚಿಡಲಾರೆ. ನಮ್ಮಲ್ಲಿ ಶತಮಾನೋತ್ಸವ ಬಂತೆಂದರೆ ಮೊದಲು ಬೀಳುವುದು ನೂರು ವರ್ಷದ ದೇವಾಲಯ! ಹಳೆಯ ಪೀಠ, ಮರದ ಪಾಪನಿವೇದನಾ ಪೆಟ್ಟಿಗೆ, ಅಜ್ಜಿಯಂದಿರು ಮೊಣಕಾಲೂರಿ ಸವೆಸಿದ ನೆಲ ಎಲ್ಲವೂ ಗ್ರಾನೈಟಿಗೆ ಜಾಗ ಬಿಡುತ್ತವೆ. ಜಾಗ ಸಾಲದು ಎಂಬ ಕಾರಣ ಸುಳ್ಳಲ್ಲ. ಆರ್ಸ್‌ನಲ್ಲಿಯೂ ಅದು ಸುಳ್ಳಾಗಿರಲಿಲ್ಲ.

ದೇವಾಲಯದ ಸನಿಹದಲ್ಲಿರುವ ಗುರುನಿವಾಸವನ್ನೂ ಹಾಗೆಯೇ ಕಾಯ್ದಿಟ್ಟಿದ್ದಾರೆ. ಅಡುಗೆಮನೆಯ ಒಲೆ, ವಾರಕ್ಕಾಗುವಷ್ಟು ಆಲೂಗೆಡ್ಡೆಯನ್ನು ಒಮ್ಮೆಲೇ ಬೇಯಿಸಿಡುತ್ತಿದ್ದ ಪಾತ್ರೆ, ಮಲಗುವ ಕೋಣೆ. ಕೊನೆಗೊಳ್ಳುವಷ್ಟರಲ್ಲಿ ಆ ಆಲೂಗೆಡ್ಡೆಗೆ ಬೂಷ್ಟು ಹಿಡಿದಿರುತ್ತಿತ್ತಂತೆ. ಆದರೆ ಈ ಬಡತನವನ್ನು ಮಾತ್ರ ನೋಡಿ ಬಂದರೆ ಅರ್ಧ ನೋಡಿದಂತೆ. ತಮ್ಮ ಮೈಮೇಲಿನ ನಿಲುವಂಗಿ ಹರಿದಿದ್ದರೂ ಲೆಕ್ಕಿಸದ ಇದೇ ಗುರುಗಳು ಬಲಿಪೂಜೆಗೆಂದು ಲಿಯಾನ್‌ನ ಅತ್ಯುತ್ತಮ ರೇಷ್ಮೆಯ ಪೂಜಾವಸ್ತ್ರಗಳನ್ನು ತರಿಸುತ್ತಿದ್ದರು. ದೇವರ ಮನೆಗೆ ಖರ್ಚು, ತಮ್ಮ ಮನೆಗೆ ಉಳಿತಾಯ. ಈ ಲೆಕ್ಕವನ್ನು ತಿರುಗುಮುರುಗು ಮಾಡುವುದು ನಮ್ಮಂಥ ಗುರುಗಳಿಗೆ ಎಷ್ಟು ಸುಲಭವೆಂದು ನೀವು ಬಲ್ಲಿರಿ.

ಹಳೆಯ ಅಂಕಣದ ಪಕ್ಕದಲ್ಲಿ ಸ್ನಾನಿಕ ಯೊವಾನ್ನರ ಪ್ರಾರ್ಥನಾಲಯವಿದೆ. ಅವರು ಸ್ತ್ರೀಯರ ಪಾಪನಿವೇದನೆ ಕೇಳುತ್ತಿದ್ದುದು ಅಲ್ಲಿ. ಪುರುಷರದು ಪೂಜಾವಸ್ತ್ರಗಳ ಕೋಣೆಯಲ್ಲಿ. ಬೇಸಿಗೆಯಲ್ಲಿ ದಿನಕ್ಕೆ 16 ಗಂಟೆಯವರೆಗೂ ಕೂತದ್ದುಂಟು. ಹೀಗೆ 41 ವರ್ಷ. ಬೇಸರವಾಗಲಿಲ್ಲವೇ ಎಂದು ಕೇಳಬೇಡಿ. ಏಕಾಂತದಲ್ಲಿ ತಮ್ಮ ಪಾಪಗಳಿಗಾಗಿ ಅಳಬೇಕೆಂದು ಅವರು ಊರು ಬಿಟ್ಟು ಹೋಗಲು ಒಂದಲ್ಲ ಹಲವು ಸಲ ಯತ್ನಿಸಿದರು. 1843ರಲ್ಲಿ ಹುಟ್ಟೂರಾದ ದಾರ್ದಿಯಿಗೇ ಹೊರಟುಹೋಗಿದ್ದರು. 1853ರಲ್ಲಿ ರಾತ್ರಿ ಹೊರಟಾಗ ಗಂಟೆ ಬಾರಿಸಿ ಊರನ್ನೆಬ್ಬಿಸಿದರು. ಜನ ಓಡಿ ಬಂದು ದಾರಿಗಡ್ಡ ನಿಂತು ಬೇಡಿಕೊಂಡರು. ಗುರುಗಳು ಮರಳಿ ಬಂದು ಮತ್ತೆ ಪಾಪನಿವೇದನೆ ಕೇಳಲು ಕುಳಿತರು. ಉಳಿಸಿಕೊಳ್ಳುವ ಗುಣ ಆ ಊರಿಗೆ ದೇವಾಲಯದಿಂದ ಬಂದುದಲ್ಲ, ಈ ರಾತ್ರಿಯಿಂದ ಬಂದುದೆಂದು ನನಗೆ ತೋರುತ್ತದೆ. 1988ರಿಂದ ಇಡೀ ಧರ್ಮಪ್ರಾಂತ್ಯದ ಹೆಸರೇ ಬೆಲ್ಲೆ-ಆರ್ಸ್ ಆಗಿದೆ.

ಊರಿನಲ್ಲಿ ಅವರ ಚಿತ್ರಪಟಗಳು ಅವರ ಕಣ್ಣೆದುರಿಗೇ ಮಾರಾಟವಾಗುತ್ತಿದ್ದವು; ಅವನ್ನು ಅವರು ತಮ್ಮ ಕಾರ್ನಿವಲ್ ವೇಷವೆಂದು ನಗೆಯಾಡುತ್ತಿದ್ದರು. ಚಿತ್ರಕ್ಕೆ, ಶಿಲ್ಪಕ್ಕೆ ಎಂದೂ ಒಪ್ಪಿ ಕುಳಿತವರಲ್ಲ. ಕಾಬುಶೇ ಎಂಬ ಶಿಲ್ಪಿ ಧರ್ಮೋಪದೇಶಕ್ಕೆ ಬಂದವರ ನಡುವೆ ಕುಳಿತು, ಟೋಪಿಯೊಳಗೆ ಮೇಣ ಬಚ್ಚಿಟ್ಟುಕೊಂಡು, ಅವರ ಮುಖವನ್ನು ಕದ್ದು ತಿದ್ದಿದನು. ಗುರುಗಳಿಗೆ ಅದು ಗೊತ್ತಾಗಿ ಗದರಿಸಿದರಂತೆ. ಆ ಮೇಣದಿಂದ ಮೂಡಿದ ಅಮೃತಶಿಲೆಯ ಪ್ರತಿಮೆ ಇಂದು ಅವರ ಹೃದಯವನ್ನು ಇರಿಸಿರುವ ಪ್ರಾರ್ಥನಾಲಯದಲ್ಲಿ, ಕೈಜೋಡಿಸಿ, ಮೊಣಕಾಲೂರಿದೆ.