ರಾಗಿಯ ವಾದ, ಅಕ್ಕಿಯ ಪೂರ್ವಪಕ್ಷ

ಆಹಾರವನ್ನು ಕುರಿತು ಪ್ರಬಂಧ ಬರೆಯುವುದು ಸುಲಭವೆಂಬ ಭಾವನೆ ವಿದ್ಯಾರ್ಥಿಗಳಲ್ಲಿದೆ. ಉಣ್ಣುವವರಿಗೆಲ್ಲ ಊಟದ ಬಗೆಗೆ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಆದರೆ ಅಭಿಪ್ರಾಯ ವಾದವಾಗುವುದು ಅದಕ್ಕೆ ಆಧಾರ ಒದಗಿದಾಗ, ಮತ್ತು ಎದುರಾಳಿಯ ಮಾತಿಗೆ ಅದರಲ್ಲಿ ನ್ಯಾಯವಾದ ಸ್ಥಾನ ದೊರೆತಾಗ. ನಮ್ಮ ಶಾಸ್ತ್ರಗ್ರಂಥಗಳು ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು ಮಂಡಿಸುವ ಕ್ರಮವನ್ನು ಪಾಲಿಸಿದ್ದು ಅಲಂಕಾರಕ್ಕಾಗಿ ಅಲ್ಲ. ಎದುರಾಳಿಯೇ ಓದಿ ‘ಹೌದು, ನನ್ನ ಮಾತು ಇದೇ’ ಎಂದು ಒಪ್ಪುವಂತೆ ಪೂರ್ವಪಕ್ಷವನ್ನು ಬರೆಯಬಲ್ಲವರಿಗೆ ಮಾತ್ರ ಅದನ್ನು ಖಂಡಿಸುವ ಅಧಿಕಾರವಿರುತ್ತದೆ.

ತುಮಕೂರು ಸೀಮೆಯ ರಾಗಿ ಬೆಳೆಯುವ ಕುಟುಂಬದಿಂದ ಬಂದ ಪದವಿ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಆರಿಸಿಕೊಂಡ ವಿಷಯ ‘ಪಡಿತರದಲ್ಲಿ ಅಕ್ಕಿಯ ಬದಲು ರಾಗಿ’. ಓದುವವರ ಮನವೊಲಿಸುವಂತೆ ಬರೆಯಬೇಕೆಂಬುದು ಅವಳಿಗೆ ಕೊಟ್ಟ ಸೂಚನೆ. ಮೊದಲ ಕರಡು ಮೂರು ವಾಕ್ಯಗಳ ಮೇಲೆ ನಿಂತಿತ್ತು: ರಾಗಿ ಈ ನೆಲದ ಮೂಲಧಾನ್ಯ, ಪೋಷಕಾಂಶಗಳಲ್ಲಿ ಅದಕ್ಕೆ ಸಮನಾದುದಿಲ್ಲ, ಪಡಿತರದಲ್ಲಿ ಅಕ್ಕಿಯನ್ನಷ್ಟೇ ಕೊಟ್ಟು ಸರ್ಕಾರ ರಾಗಿಯನ್ನು ಮೂಲೆಗೊತ್ತಿತು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಇಂಥ ವಾಕ್ಯಗಳು ವೇದಿಕೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿದ್ದವು. ‘ಇದು ನಿನಗೆ ಹೇಗೆ ಗೊತ್ತು?’ ಎಂದು ಒಂದೊಂದು ವಾಕ್ಯವನ್ನೂ ಕೇಳಿಕೊಂಡಾಗ ಅವಳ ಸಂಶೋಧನೆ ಆರಂಭವಾಯಿತು.

ಮೊದಲು ಬಿದ್ದುಹೋದುದು ಮೂಲಧಾನ್ಯದ ವಾದ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಭಾರತಕ್ಕೆ ಅದು ಅಲ್ಲಿಂದ ಬಂದ ಬೆಳೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ರೂಪಿಸಿದ ತಳಿಗಳಿಗೆ ‘ಇಂಡಾಫ್’ ಎಂಬ ಹೆಸರಿದೆ. ಆ ಹೆಸರಿನಲ್ಲಿಯೇ ಎರಡು ನೆಲಗಳು ಸೇರಿವೆ. ‘ಈ ನೆಲದ ಮೂಲಧಾನ್ಯ’ ಎಂಬುದನ್ನು ಹೊಡೆದುಹಾಕಿ ‘ಶತಮಾನಗಳಿಂದ ಈ ನೆಲ ಒಪ್ಪಿಕೊಂಡ ಧಾನ್ಯ’ ಎಂದು ಅವಳು ತಿದ್ದಿದಳು. ವಾಕ್ಯದ ಆವೇಶ ತಗ್ಗಿತು, ಸತ್ಯ ಉಳಿಯಿತು.

ಎರಡನೆಯ ವಾಕ್ಯಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕಗಳು ಆಧಾರವಾದವು. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶವಿದ್ದರೆ, ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ಅದು 10 ಮಿಲಿಗ್ರಾಮಿಗಿಂತ ಕಡಿಮೆ. ಇದು ಸಣ್ಣ ಅಂತರವಲ್ಲ. ಆದರೆ ಅದೇ ಕೋಷ್ಟಕದಲ್ಲಿ ಪ್ರೋಟೀನಿನ ಅಂಕಿಗಳು ಹೆಚ್ಚುಕಡಿಮೆ ಸಮವಾಗಿವೆ. ಅಕ್ಕಿಯದೇ ತುಸು ಹೆಚ್ಚು. ಇದಲ್ಲದೆ ರಾಗಿಯಲ್ಲಿರುವ ಫೈಟೇಟಿನಂಥ ಅಂಶಗಳು ಸುಣ್ಣ ಮತ್ತು ಕಬ್ಬಿಣವನ್ನು ದೇಹ ಹೀರಿಕೊಳ್ಳುವುದಕ್ಕೆ ತಡೆಯೊಡ್ಡುತ್ತವೆ. ಮೊಳಕೆ ಕಟ್ಟಿದಾಗ ಈ ತಡೆ ಕಡಿಮೆಯಾಗುತ್ತದೆ. ‘ಸಮನಾದುದಿಲ್ಲ’ ಎಂಬ ಮಾತು ಹೋಗಿ ‘ಸುಣ್ಣದಂಶದಲ್ಲಿ’ ಎಂಬ ಮಿತಿ ಬಂದಿತು.

ಮೂರನೆಯದು ಕಾನೂನಿನ ಪ್ರಶ್ನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಕಿಲೋಗ್ರಾಮಿಗೆ ಅಕ್ಕಿಗೆ 3, ಗೋಧಿಗೆ 2, ಒರಟು ಧಾನ್ಯಗಳಿಗೆ 1 ರೂಪಾಯಿಯ ದರವನ್ನು ಗೊತ್ತುಪಡಿಸಿತ್ತು. ರಾಗಿಗೆ ಕಾನೂನಿನಲ್ಲಿ ಎಡೆಯಿಲ್ಲದಿರಲಿಲ್ಲ. ಕರ್ನಾಟಕದಲ್ಲಿ ಬೆಂಬಲ ಬೆಲೆಗೆ ಕೊಂಡ ರಾಗಿಯನ್ನು ದಕ್ಷಿಣದ ಜಿಲ್ಲೆಗಳಲ್ಲಿ, ಜೋಳವನ್ನು ಉತ್ತರದಲ್ಲಿ ಅಕ್ಕಿಯೊಡನೆ ಹಂಚಿದ್ದೂ ಉಂಟು. ಹೀಗಾಗಿ ‘ಅಕ್ಕಿಯನ್ನಷ್ಟೇ’ ಎಂಬ ಆರೋಪ ನಿಲ್ಲಲಿಲ್ಲ.

ಸಾಹಿತ್ಯದ ವಿದ್ಯಾರ್ಥಿನಿಯಾದ ಅವಳಿಗೆ ಕನಕದಾಸರ ‘ರಾಮಧಾನ್ಯ ಚರಿತೆ’ ಸಹಜವಾಗಿಯೇ ನೆನಪಾಯಿತು. ಭಾಮಿನಿ ಷಟ್ಪದಿಯ ಈ ಕೃತಿಯಲ್ಲಿ ವ್ರೀಹಿಯೂ ನರೆದಲೆಗನೂ ರಾಮನ ಸಭೆಯಲ್ಲಿ ವಾದಿಸುತ್ತಾರೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಉಳಿಯುತ್ತದೆ. ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಿಡುತ್ತಿದ್ದ ರೈತರ ಅನುಭವವೇ ಇಲ್ಲಿ ಕಥೆಯಾಗಿದೆ. ಗಮನಿಸಬೇಕಾದ ಅಂಶವೆಂದರೆ, ಕನಕದಾಸರು ಅಕ್ಕಿಯ ಬಾಯಿಗೆ ದುರ್ಬಲವಾದ ಮಾತುಗಳನ್ನು ಇಡುವುದಿಲ್ಲ. ಮೇಲುಕುಲದವರ ಎಲೆಯಲ್ಲಿ, ದೇವರ ನೈವೇದ್ಯದಲ್ಲಿ ತನಗಿರುವ ಸ್ಥಾನವನ್ನು ಅದು ದರ್ಪದಿಂದಲೇ ಹೇಳಿಕೊಳ್ಳುತ್ತದೆ. ಆ ದರ್ಪ ಅಷ್ಟು ಗಟ್ಟಿಯಾಗಿರುವುದರಿಂದಲೇ ಬರಗಾಲದಲ್ಲಿ ಜೀವ ಉಳಿಸುವವನು ತಾನೆಂಬ ರಾಗಿಯ ಉತ್ತರಕ್ಕೆ ತೂಕ ಬಂದಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲಿ ಅನ್ನದ ಬಗೆಗಳಿಗೆ ಒಂದು ಅಧ್ಯಾಯವೇ ಮೀಸಲು. ಒಂದು ಕಾಲದ ಊಟವನ್ನು ತಿಳಿಯಲು ಇಂಥ ಕೃತಿ ಅಮೂಲ್ಯ. ಆದರೆ ಅದು ಯಾರ ಊಟ ಎಂಬ ಪ್ರಶ್ನೆಯನ್ನು ಸಂಶೋಧಕರು ಮರೆಯಬಾರದು. ಹೆಸರುಗಳೂ ವಾದ ಮಾಡುತ್ತವೆ: ಒಂದೇ ಧಾನ್ಯಸಮೂಹ ‘ತೃಣಧಾನ್ಯ’ವೆಂದಾಗ ಹುಲ್ಲಿನ ಮಟ್ಟಕ್ಕಿಳಿದು, ‘ಸಿರಿಧಾನ್ಯ’ವೆಂದಾಗ ಸಂಪತ್ತಾಗುತ್ತದೆ.

ಇಷ್ಟಾದರೂ ಪ್ರಬಂಧಕ್ಕೆ ನಿಜವಾದ ಪೂರ್ವಪಕ್ಷ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಊರಿನಲ್ಲಿ. ತಿದ್ದಿದ ಕರಡನ್ನು ಮೊಮ್ಮಗಳು ಓದಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: “ಎಲ್ಲಾ ಸರಿ ಕಣವ್ವ, ಕೋಳಿ ಕೂಗೋಕೆ ಮುಂಚೆ ಎದ್ದು ಬೀಸ್ತಿದ್ದೋರು ಯಾರು ಅಂತ ಬರ್ದಿದ್ದೀಯಾ?” ಬೀಸುವ ಪದಗಳನ್ನು ಜಾನಪದದ ಪಠ್ಯದಲ್ಲಿ ಓದಿದ್ದ ಹುಡುಗಿಗೆ ಬೀಸುವ ಕೈಗಳು ಪಠ್ಯದ ಹೊರಗೇ ಉಳಿದಿದ್ದವು. ಅಜ್ಜಿಯ ಪ್ರಾಯದಲ್ಲಿ ಅನ್ನ ಕಾಣುತ್ತಿದ್ದುದು ಹಬ್ಬಕ್ಕೆ, ಬಾಣಂತಿಗೆ, ನೆಂಟರಿಗೆ. ಪಡಿತರದ ಅಕ್ಕಿ ಮನೆಗೆ ಬಂದ ದಿನ ಅವರಿಗೆ ಬಂದುದು ಬರಿಯ ಧಾನ್ಯವಲ್ಲ, ಮರ್ಯಾದೆ. ನಗರದ ಉಳ್ಳವರು ರಾಗಿಯನ್ನು ಆರೋಗ್ಯಕ್ಕೆಂದು ಆರಿಸಿಕೊಳ್ಳುತ್ತಾರೆ. ಅಜ್ಜಿಯ ತಲೆಮಾರಿಗೆ ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ಈಗ ‘ಅಕ್ಕಿಯ ಬದಲು ರಾಗಿ’ ಎಂದು ಬರೆಯುವ ಮೊಮ್ಮಗಳು ಆ ಅವಕಾಶವನ್ನು ಇನ್ನೊಮ್ಮೆ ಕಸಿದುಕೊಳ್ಳುತ್ತಿದ್ದಳು.

ಅಂತಿಮ ಪ್ರಬಂಧದ ಶೀರ್ಷಿಕೆಯಲ್ಲಿ ‘ಬದಲು’ ಎಂಬ ಪದ ಉಳಿಯಲಿಲ್ಲ. ಪಡಿತರ ಚೀಟಿಯಿರುವ ಕುಟುಂಬವೇ ಪ್ರತಿ ತಿಂಗಳೂ ತನ್ನ ಪಾಲಿನಲ್ಲಿ ಅಕ್ಕಿ ಎಷ್ಟು, ರಾಗಿ ಅಥವಾ ಜೋಳ ಎಷ್ಟು ಎಂದು ನಿರ್ಧರಿಸುವಂತಾಗಬೇಕು, ರಾಗಿಯನ್ನು ಕೊಡುವಲ್ಲಿ ಹಿಟ್ಟಿನ ಗಿರಣಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅವಳು ಮಂಡಿಸಿದ ಸಿದ್ಧಾಂತ. ಸುಣ್ಣದಂಶದ ಅಂಕಿ, ಕಾಯ್ದೆಯ ದರ, ರಾಮಧಾನ್ಯದ ಪರೀಕ್ಷೆ ಎಲ್ಲವೂ ಅದರಲ್ಲಿದ್ದವು. ಅವುಗಳಿಗಿಂತ ಮೊದಲು, ಪೂರ್ವಪಕ್ಷದ ಜಾಗದಲ್ಲಿ, ಅಜ್ಜಿಯ ಪ್ರಶ್ನೆಯು ಅವರ ಮಾತಿನಲ್ಲೇ ಇತ್ತು. ಮೊದಲ ಕರಡನ್ನು ಮೆಚ್ಚಿದ್ದ ಸಹಪಾಠಿಗಳು ವಾದ ಮೆತ್ತಗಾಯಿತೆಂದರು. ಆದರೆ ರಾಗಿಮುದ್ದೆಯನ್ನು ಎಂದೂ ಇಷ್ಟಪಡದ ಗೆಳತಿಯೊಬ್ಬಳು ಅದನ್ನು ಕೊನೆಯವರೆಗೆ ಓದಿ, ಗಿರಣಿಯ ಖರ್ಚು ಎಷ್ಟಾದೀತೆಂದು ಕೇಳಿದಳು.