ಒಂದು ಹಿಡಿ ನಾರಿನ ಹುಡಿ

ಗಣಪತಿ ಹಬ್ಬ ಮುಗಿದು ಮಳೆ ಇಳಿಯುವ ಹೊತ್ತಿಗೆ ಬೇಲಾಪುರದ ನಮ್ಮ ಬಾಲ್ಕನಿಗೆ ಗಾಜಿನ ಬಾಟಲಿಯೊಂದು ಬರುತ್ತದೆ. ಒಳಗೆ ಅಂಗಾಂಶ ಕೃಷಿಯ ಹತ್ತು ಹನ್ನೆರಡು ಸ್ಟ್ರಾಬೆರಿ ಸಸಿಗಳು. ಅವನ್ನು ಹೊರಗಿನ ಗಾಳಿಗೆ ಒಗ್ಗಿಸುವ ನಾಲ್ಕೈದು ವಾರ ನನಗೆ ಹಬ್ಬದ ಮುಂದುವರಿಕೆ. ಅದರಲ್ಲೂ ಯಾವುದರಲ್ಲಿ ನೆಡಬೇಕೆಂದು ಮಿಶ್ರಣ ಕೂಡಿಸುವ ಎರಡು ದಿನವಂತೂ ಊಟದ ನೆನಪೂ ಇರುವುದಿಲ್ಲ.

ಬಾಟಲಿಯೊಳಗೆ ಈ ಸಸಿಗಳಿಗೆ ಸಕ್ಕರೆ, ಲವಣ ಎಲ್ಲವೂ ಕುಳಿತಲ್ಲಿಗೇ ಬಂದಿರುತ್ತದೆ. ಸಸ್ಯವಿಜ್ಞಾನಿಗಳಾದ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿನ ಅಂಗಾಂಶಕ್ಕೆಂದು ಕಂಡುಕೊಂಡ ಪಾಕ ಈಗಲೂ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಆದರೆ ಎಲೆಯ ಮೇಲಿನ ಮೇಣದ ಪದರ ತೀರಾ ತೆಳು, ಪತ್ರರಂಧ್ರಗಳಿಗೆ ಮುಚ್ಚಿಕೊಳ್ಳುವ ರೂಢಿಯಿಲ್ಲ. ಹೊರಗೆ ಬಂದ ಕೂಡಲೇ ಅವಕ್ಕೆ ಬೇಕಾದದ್ದು ಗೊಬ್ಬರವಲ್ಲ. ಬೇರಿನ ಸುತ್ತ ಒಂದಿಷ್ಟು ತೇವ, ಅಷ್ಟೇ ಗಾಳಿ. ಇದು ತಿಳಿಯದೆ ಮೊದಲ ವರ್ಷ ಪ್ರೀತಿಯಿಂದ ಮೂರನೇ ಒಂದು ಪಾಲು ಎರೆಗೊಬ್ಬರ ಹಾಕಿದ್ದೆ. ವಾರದೊಳಗೆ ಸುಳಿಗಳು ಕೊಳೆತವು. ಆ ದುಃಖ ಇನ್ನೂ ಇದೆ.

ಈಗ ನಾರಿನ ಹುಡಿಯೇ ಆಧಾರ. ಐದು ಕಿಲೋದ ಕೋಕೋಪೀಟ್ ಇಟ್ಟಿಗೆ ನೀರು ಕುಡಿದು ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ. ಕರಾವಳಿಯ ನಮ್ಮೂರಲ್ಲಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಹೂತಿಟ್ಟು, ಬಡಿದು, ಹಗ್ಗ ಹೊಸೆಯುತ್ತಿದ್ದರು. ಉದುರಿದ ಹುಡಿಯನ್ನು ಮಲ್ಲಿಗೆ ಬುಡಕ್ಕೆ ಸುರಿಯಹೋದರೆ ಅಜ್ಜಿ ತಡೆಯುತ್ತಿದ್ದರು: “ಒಂದು ಮಳೆಗಾಲ ನೆನೆಯಲಿ ಮಗಾ, ಉಪ್ಪು ಇಳಿಯಲಿ.” ಅಜ್ಜಿಯ ಮಾತನ್ನೇ ನಾನು ಬಕೆಟ್ಟಿನಲ್ಲಿ ಪಾಲಿಸುತ್ತೇನೆ. ಮೊದಲ ನೀರು ಕಡು ಚಹಾದಂತೆ, ನಾಲ್ಕನೆಯದು ಒಣಹುಲ್ಲಿನ ಬಣ್ಣ. ಆಮೇಲೆ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ. ಹುಡಿಗೆ ಅಂಟಿದ ಸೋಡಿಯಂ ಬಿಟ್ಟು ಹೋಗಿ ಆ ಜಾಗದಲ್ಲಿ ಕ್ಯಾಲ್ಸಿಯಂ ಕೂರುತ್ತದೆ.

ಎರಡು ಪಾಲು ಹುಡಿಗೆ ಒಂದು ಪಾಲು ಪರ್ಲೈಟ್. ಜ್ವಾಲಾಮುಖಿಯ ಗಾಜು ಅದು. ಕಾಯಿಸಿದಾಗ ಒಳಗಿನ ನೀರು ಆವಿಯಾಗಿ ಭತ್ತದ ಅರಳಿನಂತೆ ಸಿಡಿದು ಬೆಳ್ಳಗಾಗುತ್ತದೆ. ಸಿಕ್ಕಿದರೆ ಸುಟ್ಟ ಭತ್ತದ ಹೊಟ್ಟೂ ಒಂದು ಬೊಗಸೆ. ಮಹಾಬಲೇಶ್ವರದ ರೈತರಿಗೆ ಕೆಂಪು ಮಣ್ಣಿದೆ, 1,300 ಮೀಟರಿಗೂ ಮೇಲಿನ ತಂಪಿದೆ. ಖಾರಿಯ ಪಕ್ಕದಲ್ಲಿ, ಅಕ್ಟೋಬರಿನ ಧಗೆಯಲ್ಲಿ, ನನ್ನ ಸಸಿಗಳಿಗೆ ಇರುವುದು ಈ ಮಿಶ್ರಣ ಮಾತ್ರ. ಅಂಗೈಯಲ್ಲಿ ಹಿಂಡಿ ನೋಡುತ್ತೇನೆ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆಯಾಗಬಾರದು, ಕೈ ಬಿಚ್ಚಿದರೆ ಉಂಡೆ ತಾನಾಗಿ ಬಿರಿಯಬೇಕು.

ನೆಡುವ ಮುನ್ನ ಬೇರಿಗಂಟಿದ ಬಾಟಲಿಯ ಅಗರ್ ಜೆಲ್ಲಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಬಿಡಿಸುತ್ತೇನೆ. ಚೂರು ಉಳಿದರೂ ಅದರ ಸಕ್ಕರೆಗೆ ಬೂಷ್ಟು ಹಿಡಿಯುತ್ತದೆ. ಬೇರು ಮುಚ್ಚಬೇಕು, ಸುಳಿ ಮುಚ್ಚಬಾರದು. ಮೇಲೆ ಪಾರದರ್ಶಕ ಡಬ್ಬಿ, ದಿನಕ್ಕಿಷ್ಟು ತೆರೆಯುತ್ತಾ.

ಹತ್ತನೇ ದಿನವೋ ಹನ್ನೆರಡನೆಯದೋ, ಪಾರ್ಸಿಕ್ ಗುಡ್ಡದ ಮೇಲೆ ಬೆಳಕು ಹರಿಯುವಾಗ ಡಬ್ಬಿ ಎತ್ತಿದರೆ ಎಲೆಯ ಒಂದೊಂದು ಹಲ್ಲಿನ ತುದಿಯಲ್ಲೂ ಒಂದೊಂದು ಹನಿ. ಇಬ್ಬನಿಯಲ್ಲ, ಹುಡಿಯೊಳಗೆ ಹೊಸ ಬೇರು ನೀರೆಳೆದು ಮೇಲಕ್ಕೆ ಕಳಿಸಿದೆ.