ಒಂದೋ, ಮೂರೋ, ಐದೋ

ಶಿನಾಗಾವಾ ಸ್ಟೇಶನ್ನಿನ ಕೋನಾನ್ ಬಾಗಿಲಿನಿಂದ ಹೊರಬಿದ್ದರೆ ಯಾವ ಬಸ್ಸೆಂದು ಯಾರನ್ನೂ ಕೇಳಬೇಕಾಗಿಲ್ಲ. ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡವರ ಸಾಲಿನಲ್ಲಿ ನಿಂತರಾಯಿತು. ಬಸ್ಸಿನೊಳಗೆ ನೇಪಾಳಿ, ವಿಯೆಟ್ನಾಮಿ, ಪೋರ್ಚುಗೀಸ್. ಜಪಾನಿ ಮಾತಾಡುತ್ತಿರುವುದು ನಿಲ್ದಾಣಗಳ ಹೆಸರು ಕೂಗುವ ಸ್ಪೀಕರ್ ಮಾತ್ರ. ಕಾಲುವೆ ದಾಟಿ, ಕಂಟೇನರ್ ಲಾರಿಗಳ ನಡುವೆ ನುಸುಳಿ, ಬಂದರಿನ ಗೋದಾಮುಗಳ ಹತ್ತಿರ ಇಳಿಯುತ್ತೀರಿ. ಟೋಕಿಯೊದ ವಲಸೆ ಕಚೇರಿಯನ್ನು ಸರಕು ಇಳಿಸುವ ಜಾಗದಲ್ಲೇ ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ!

2025ರ ನವೆಂಬರ್. ನಿಮ್ಮ ಜೇಬಿನಲ್ಲೊಂದು ಪೋಸ್ಟ್‌ಕಾರ್ಡ್. ನಿಶಿಕಸಾಯ್‌ನ ಮನೆವಿಳಾಸವನ್ನು ಅದರ ಮೇಲೆ, ವಾಸದ ಪರವಾನಗಿಯ ನವೀಕರಣಕ್ಕೆ ಅರ್ಜಿ ಕೊಟ್ಟ ದಿನ, ಬರೆದವರು ನೀವೇ. ಈಗ ಸರ್ಕಾರದ ಸಮಾಚಾರ ನಿಮ್ಮ ಕೈಬರಹದಲ್ಲೇ ಮನೆಗೆ ಬಂದಿದೆ. ಮಂಜೂರಾಗಿದೆ ಎಂದು ಅದರಲ್ಲೆಲ್ಲೂ ಇಲ್ಲ. ತರಬೇಕಾದವುಗಳ ಪಟ್ಟಿಯಲ್ಲಿ 6,000 ಯೆನ್ ರೆವಿನ್ಯೂ ಸ್ಟಾಂಪಿನ ಮುಂದೆ ಒಂದು ಗುರುತಿದೆ, ಅಷ್ಟೇ. ಬಲ್ಲವರು ಮೊದಲು ಹುಡುಕುವುದು ಆ ಗುರುತನ್ನೇ: ದುಡ್ಡು ಕೇಳಿದ್ದಾರೆಂದರೆ ಕೆಲಸವಾಯಿತು. ಎಷ್ಟು ವರ್ಷಕ್ಕೆ ಎಂಬುದು ಮಾತ್ರ ವಾಸದ ಹೊಸ ಕಾರ್ಡು ಕೈಸೇರುವವರೆಗೆ ತಿಳಿಯದು. ಒಂದೋ, ಮೂರೋ, ಐದೋ. ಶುಲ್ಕ ಎಲ್ಲಕ್ಕೂ ಒಂದೇ. (ಮೂರು ತಿಂಗಳದ್ದೂ ಉಂಟು. ಅದರ ಹೆಸರನ್ನು ಯಾರೂ ಎತ್ತುವುದಿಲ್ಲ.)

ನೆಲ ಅಂತಸ್ತಿನ ಅಂಗಡಿಯಲ್ಲಿ ಸ್ಟಾಂಪು ಕೊಂಡು, ಎರಡನೇ ಅಂತಸ್ತಿಗೆ ಹತ್ತಿ, ಟೋಕನ್ ಹಿಡಿದು ಕೂರುತ್ತೀರಿ. ಇದೇ ಕಟ್ಟಡದ ಮೇಲಂತಸ್ತುಗಳಲ್ಲಿ, ಅವಧಿ ಮೀರಿ ಉಳಿದು ಸಿಕ್ಕಿಬಿದ್ದವರ ಬಂಧನಕೋಣೆಗಳಿವೆ.

ಪಕ್ಕದಲ್ಲಿ ಇಂಡಿಯನ್ ಹೋಟೆಲೊಂದರ ನೇಪಾಳಿ ಅಡುಗೆಯವರು. ಹತ್ತು ವರ್ಷದ ಅನುಭವಕ್ಕೆ ದಾಖಲೆ ತೋರಿಸಿ ಬಂದವರು. ಕಾರ್ಡು ಒಪ್ಪುವುದು ಅಡುಗೆಯನ್ನಷ್ಟೇ, ಬೇಸತ್ತು ಬೇರೆ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗಿ ಕೂರುವಂತಿಲ್ಲ. "ನನ್ನದಿರಲಿ ಭಾಯಿಸಾಬ್, ನಮ್ಮ ಮಾಲೀಕರದ್ದೇ ಚಿಂತೆ," ಎನ್ನುತ್ತಾರೆ ಹಿಂದಿಯಲ್ಲಿ. ವ್ಯಾಪಾರ ನಡೆಸುವವರ ಪರವಾನಗಿಗೆ ಬೇಕಾದ ಬಂಡವಾಳ ಅಕ್ಟೋಬರ್ 16ರಿಂದ 50 ಲಕ್ಷ ಯೆನ್‌ನಿಂದ 3 ಕೋಟಿಗೆ ಏರಿದೆ. ಈಗಾಗಲೇ ಇರುವವರಿಗೆ ಮೂರು ವರ್ಷದ ಸಮಯ ಕೊಟ್ಟಿದ್ದಾರೆ. ನಾನ್ ರೊಟ್ಟಿ ಮಾರಿ 3 ಕೋಟಿ ಎಂದು? ಅವರು ನಗುತ್ತಾರೆ, ನಿಮಗೆ ನಗು ಬರುವುದಿಲ್ಲ.

ಎದುರಿನ ವಿದ್ಯಾರ್ಥಿನಿ ತನ್ನ ಕಾರ್ಡನ್ನು ಹಿಂದುಮುಂದು ತಿರುಗಿಸುತ್ತಿದ್ದಾಳೆ. ಹಿಂಬದಿಯಲ್ಲಿ ವಾರಕ್ಕೆ 28 ಗಂಟೆ ದುಡಿಯಬಹುದೆಂಬ ಮುದ್ರೆ. ಗಡಿಯಾರ ಹಿಡಿದು ಅವಳ ಹಿಂದೆ ಯಾರೂ ಓಡಾಡುವುದಿಲ್ಲ. ನವೀಕರಣದ ವೇಳೆ ತೆರಿಗೆಯ ಪ್ರಮಾಣಪತ್ರ ತರಿಸಿ ವರ್ಷದ ಗಳಿಕೆ ನೋಡಿದರೆ ಗಂಟೆಗಳ ಲೆಕ್ಕ ತಾನಾಗಿ ಹೊರಬೀಳುತ್ತದೆ. ಈ ದೇಶದಲ್ಲಿ ನಿಗಾ ಎಂದರೆ ಹೀಗೆ: ಯಾರೂ ದನಿ ಏರಿಸುವುದಿಲ್ಲ, ಕಾಗದಗಳೇ ಒಂದರ ಮೇಲೊಂದು ಚಾಡಿ ಹೇಳುತ್ತವೆ.

ನಿಮ್ಮ ಪುಕ್ಕಲಿಗೆ ಕಾರಣ ಬೇರೆ. ಈ ವರ್ಷ ಕಂಪನಿ ಬದಲಿಸಿದ್ದೀರಿ. 14 ದಿನಗಳೊಳಗೆ ತಿಳಿಸಬೇಕೆಂಬ ನಿಯಮ ಪಾಲಿಸಿದ್ದೀರಿ, ತೆರಿಗೆ ಬಾಕಿಯಿಲ್ಲ. ಆದರೂ ರೊನಾಲ್ಡ್ ಮೆಕ್ಲೀನ್ ನೆನಪಾಗುತ್ತಾರೆ. 1969ರಲ್ಲಿ ಒಂದು ವರ್ಷದ ಅನುಮತಿಯ ಮೇಲೆ ಬಂದ ಅಮೆರಿಕದ ಇಂಗ್ಲಿಷ್ ಮೇಷ್ಟ್ರು. ತಿಳಿಸದೆ ಶಾಲೆ ಬದಲಿಸಿದರು, ವಿಯೆಟ್ನಾಂ ಯುದ್ಧ ವಿರೋಧಿಸಿ ಬೀದಿಗಿಳಿದರು, ನವೀಕರಣ ಸಿಗಲಿಲ್ಲ. ವಿದೇಶಿಯರಿಗೂ ಮೂಲಭೂತ ಹಕ್ಕುಗಳುಂಟು, ಆದರೆ ವಾಸದ ಪರವಾನಗಿಯ ಚೌಕಟ್ಟಿನೊಳಗೆ ಮಾತ್ರ ಎಂದು ಸುಪ್ರೀಂ ಕೋರ್ಟು 1978ರಲ್ಲಿ ತೀರ್ಪಿತ್ತಿತು. 2024ರ ಕೊನೆಗೆ ಜಪಾನಿನಲ್ಲಿದ್ದ 37 ಲಕ್ಷಕ್ಕೂ ಹೆಚ್ಚು ವಿದೇಶಿಯರ ನೆತ್ತಿಯ ಮೇಲೆ ಆ ತೀರ್ಪು ಇನ್ನೂ ಕೂತಿದೆ.

ನಿಮ್ಮ ನಂಬರು ಬರುತ್ತದೆ. ಕೌಂಟರಿನಾಕೆ ತಲೆಬಾಗಿ ಪಾಸ್‌ಪೋರ್ಟ್ ಪಡೆದು, ಹಳೆಯ ಕಾರ್ಡಿಗೆ ತೂತು ಹೊಡೆದು, ಹೊಸದನ್ನು ಎರಡೂ ಕೈಯಲ್ಲಿ ಒಪ್ಪಿಸುತ್ತಾಳೆ. ಫೋಟೊ, ಹೆಸರು ಬಿಟ್ಟು ಕಣ್ಣು ನೇರ ಅವಧಿಯ ಸಾಲಿಗೆ ಹಾರುತ್ತದೆ. ಒಂದು ವರ್ಷ. ಯಾಕೆಂದು ಅದರಲ್ಲಿ ಬರೆದಿಲ್ಲ. ಮನೆ ಕೊಳ್ಳಲು ಸಾಲ ಕೇಳೋಣವೆಂದಿದ್ದಿರಿ; ಬ್ಯಾಂಕಿನವರು ಮೊದಲು ನೋಡುವುದೂ ಇದೇ ಸಾಲನ್ನು. ಶಾಶ್ವತ ವಾಸದ ಅರ್ಜಿಯ ಮಾತಂತೂ ಈ ಕಾರ್ಡಿನ ಮೇಲೆ ಎತ್ತುವಂತಿಲ್ಲ.

"ಎಷ್ಟು?" ಎನ್ನುತ್ತಾರೆ ಅಡುಗೆಯವರು. ಒಂದು ಬೆರಳು ತೋರಿಸುತ್ತೀರಿ. "ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಅರ್ಜಿ ತಗೊಳ್ತಾರೆ," ಎಂದು ಅವರ ಸಮಾಧಾನ. ಅಂದರೆ ಒಂಬತ್ತು ತಿಂಗಳಿಗೆ ಮತ್ತೆ ಈ ಬಸ್ಸು.